ಹತ್ತು ಲಕ್ಷದ ಒಡೆಯರು

ಭಾನುವಾರ ಬೆಳಿಗ್ಗೆ ರಾಯರು ಹೋಟೆಲಿಗೆ ಬಂದ ನಡಿಗೆಯಲ್ಲೇ ಏನೋ ಗತ್ತಿತ್ತು. ಕುರ್ಚಿ ಎಳೆದುಕೊಂಡು, “ನಿನ್ನೆ ರಾತ್ರಿ ಹತ್ತು ಲಕ್ಷಕ್ಕೆ ಒಡೆಯನಾದೆ” ಎಂದರು.

ಶೆಟ್ಟರ ಬಾಯಿಯವರೆಗೆ ಹೋಗಿದ್ದ ಇಡ್ಲಿ ಅಲ್ಲೇ ನಿಂತಿತು. “ನಿವೇಶನ ಮಾರಿದಿರಾ?”

“ಇಲ್ಲ, ಶಿಬಾ ಇನು. ನಾಯಿಯ ಚಿತ್ರದ ಕ್ರಿಪ್ಟೊ ನಾಣ್ಯ. ಸಾವಿರ ರೂಪಾಯಿಗೆ ಹತ್ತು ಲಕ್ಷ ನಾಣ್ಯ!”

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕಂಡವರ ಹಣ ಎಣಿಸಿದವರು ಅವರು. ಸ್ವಂತದ್ದನ್ನು ಎಣಿಸುವ ಯೋಗ ನಿವೃತ್ತಿಯ ನಂತರ ಬಂತು; ಬಂದದ್ದು ಮಾತ್ರ ನಾಯಿಯ ಮುಖ ಹೊತ್ತು.

“ಬಿಟ್‌ಕಾಯಿನ್ ಏಕೆ ಬೇಡವಾಯಿತು?” ಎಂದೆ.

“ಒಂದಕ್ಕೆ ಹತ್ತಾರು ಲಕ್ಷ! ನಮ್ಮಂಥವರಿಗೆ ಎಟುಕುತ್ತದೆಯೇ?”

“ಇಡಿಯಾಗಿಯೇ ಕೊಳ್ಳಿ ಎಂದವರು ಯಾರು? ಒಂದು ಬಿಟ್‌ಕಾಯಿನ್ ಎಂದರೆ ಹತ್ತು ಕೋಟಿ ಸತೋಶಿ. ನೂರು ರೂಪಾಯಿಗೂ ಚೂರು ಸಿಗುತ್ತದೆ.”

“ಅದನ್ನೂ ನೋಡಿದೆ. ಚುಕ್ಕೆಯ ನಂತರ ಸೊನ್ನೆಗಳ ಮೆರವಣಿಗೆ, ಕೊನೆಯಲ್ಲೆಲ್ಲೋ ಒಂದು ಬಡಪಾಯಿ ಅಂಕಿ. ಮನೆಯಲ್ಲಿ ತೋರಿಸಿದರೆ ‘ಇದ್ದದ್ದೂ ಹೋಯಿತೇ?’ ಎನ್ನುತ್ತಾಳೆ. ಇಲ್ಲಿ ಸೊನ್ನೆಗಳೆಲ್ಲ ಅಂಕಿಯ ಬಲಕ್ಕಿವೆ. ಮರ್ಯಾದೆ ಇರುವುದೇ ಆ ಕಡೆ!”

ನಗಲು ನನಗೂ ಬಾಯಿರಲಿಲ್ಲ. ಎಂಆರ್‌ಎಫ್‌ನ ಒಂದು ಷೇರಿಗೆ ಲಕ್ಷ ರೂಪಾಯಿ ಎಂದು ಹೆದರಿ, ಹೆಸರೇ ಕೇಳದ ಕಂಪನಿಯ ಎರಡು ರೂಪಾಯಿಯ ಷೇರನ್ನು ಸಾವಿರಗಟ್ಟಲೆ ಕೊಂಡವನು ನಾನು. ಅವು ಈಗಲೂ ನನ್ನ ಬಳಿ ಇವೆ. ಕೊಳ್ಳುವವರೇ ಇಲ್ಲ.

ಕಿರಾಣಿ ಅಂಗಡಿಯ ಶೆಟ್ಟರು ತಲೆದೂಗಿದರು. “ಬಾಟಲಿ ಎಂದರೆ ಮುಖ ತಿರುಗಿಸುವವರು ಶಾಂಪೂ ಸ್ಯಾಚೆಟ್ಟಿನ ಸರವನ್ನೇ ಒಯ್ಯುತ್ತಾರೆ. ಆದರೆ ಸ್ಯಾಚೆಟ್ಟಿನ ಮೇಲೆ ಒಳಗೆಷ್ಟಿದೆ ಎಂದು ಬರೆದಿರುತ್ತದೆ. ನಿಮ್ಮ ನಾಯಿಯ ಮೇಲೆ ಏನು ಬರೆದಿದೆ?”

ಅಷ್ಟರಲ್ಲಿ ಗಣಿತದ ಮೇಷ್ಟರು ಪೇಪರಿನ ಅಂಚಿನಲ್ಲಿ ಲೆಕ್ಕಕ್ಕಿಳಿದಿದ್ದರು. “ಬಿಟ್‌ಕಾಯಿನ್ ಎಂದೆಂದಿಗೂ 2.1 ಕೋಟಿ ಮೀರುವಂತಿಲ್ಲ. ಈ ಶಿಬಾ 2020ರಲ್ಲಿ ಹುಟ್ಟಿದಾಗಲೇ ಸಾವಿರ ಲಕ್ಷ ಕೋಟಿ! ಅದರಲ್ಲಿ ಅರ್ಧವನ್ನು ಹುಟ್ಟಿಸಿದವರು, ಎಥೀರಿಯಂ ಎಂಬ ಕ್ರಿಪ್ಟೊ ಜಾಲ ಕಟ್ಟಿದವರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಅವರಿಗೆ ಕೇಳದೆಯೇ ದಾಟಿಸಿದರು. ಅವರು 2021ರ ಮೇ ತಿಂಗಳಲ್ಲಿ ಒಂದಷ್ಟನ್ನು ಭಾರತದ ಕೋವಿಡ್ ಪರಿಹಾರಕ್ಕೆ ಕೊಟ್ಟು, ಸುಮಾರು 410 ಲಕ್ಷ ಕೋಟಿಯನ್ನು ಇನ್ನು ಯಾರಿಗೂ ಸಿಗದಂತೆ ‘ಸುಟ್ಟು’ಬಿಟ್ಟರು.”

“ಕಡಿಮೆಯಾಯಿತಲ್ಲ, ಒಳ್ಳೆಯದೇ” ಎಂದು ರಾಯರು ಹಿಗ್ಗಿದರು. “ನನಗೇನೂ ಅತಿಯಾಸೆಯಿಲ್ಲ. ನಾಣ್ಯಕ್ಕೆ ಒಂದು ರೂಪಾಯಿ ಆಗಲಿ, ಸಾಕು. ಲಾಭಕ್ಕೆ ಶೇ 30 ತೆರಿಗೆಯಂತೆ, ಅದೇ ಒಂದು ಚಿಂತೆ.”

“ಉಳಿದದ್ದು ಸುಮಾರು 590 ಲಕ್ಷ ಕೋಟಿ ನಾಣ್ಯ. ಒಂದೊಂದಕ್ಕೆ ರೂಪಾಯಿ ಎಂದರೆ 590 ಲಕ್ಷ ಕೋಟಿ ರೂಪಾಯಿ. 2024-25ರಲ್ಲಿ ಇಡೀ ದೇಶ ವರ್ಷವೆಲ್ಲ ದುಡಿದು ಹುಟ್ಟಿಸಿದ್ದೇ ಸುಮಾರು 330 ಲಕ್ಷ ಕೋಟಿ. ನಿಮ್ಮ ಈ ಸಣ್ಣ ಆಸೆಗೆ ಭಾರತ ಒಂದೂಮುಕ್ಕಾಲು ವರ್ಷ ಉಪವಾಸ ಕೂರಬೇಕು, ರಾಯರೇ!”

ರಾಯರು ಚಟ್ನಿಯನ್ನೇ ದಿಟ್ಟಿಸಿದರು. ಅವರೊಳಗಿನ ಬ್ಯಾಂಕಿನವರು ಎಚ್ಚೆತ್ತರೆಂದು ನಾವು ಅಂದುಕೊಂಡೆವು.

“ಹೋಗಲಿ, ಎಂಟಾಣೆ?”

ಮೇಷ್ಟರು ಪೆನ್ನು ಜೇಬಿಗಿಟ್ಟು, ಮಾಣಿಯನ್ನು ಕರೆದು “ಎರಡು ಬೈಟು ಕಾಫಿ” ಎಂದರು. ನಾಲ್ಕು ಲೋಟ ಬಂದವು. ರಾಯರು ತಮ್ಮ ಲೋಟದೊಳಗೆ ಇಣುಕಿ ಸಿಡುಕಿದರು:

“ಇದೇನು, ಅರ್ಧವೂ ಇಲ್ಲವಲ್ಲ?”

“ಲೋಟ ನಾಲ್ಕಿವೆಯಲ್ಲ” ಎಂದರು ಮೇಷ್ಟರು, “ಎಣಿಸಿಕೊಳ್ಳಿ.”