ಸಹಾಯ ಬೇಕು: ಕರ್ನಲ್ ಮೆಮೊರಿ ಆರ್ಡರಿಂಗ್ ಟೆಸ್ಟ್ ಬರೆಯುವುದು
ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಕರ್ನಲ್ ಮೆಮೊರಿ ಮಾಡೆಲ್ (ಒಂದು ಸಿಪಿಯು ಮೆಮೊರಿಗೆ ಬರೆದದ್ದು ಇನ್ನೊಂದಕ್ಕೆ ಯಾವ ಕ್ರಮದಲ್ಲಿ ಕಾಣಬಹುದು ಅನ್ನುವ ನಿಯಮಗಳು) ಗೊತ್ತಿರುವವರು ಯಾರಾದ್ರೂ ಇದ್ದರೆ ಸ್ವಲ್ಪ ನೋಡಿ. ಕಲಬುರಗಿಯಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ, ಪ್ರಾಜೆಕ್ಟ್‌ಗೆ ಒಂದು ಚಿಕ್ಕ ಡ್ರೈವರ್ ಬರೆದಿದ್ದೇನೆ. ಅದರಲ್ಲಿ ಒಂದು ಸಿಪಿಯು ಬಫರ್‌ಗೆ ಡೇಟಾ ಬರೆದು ಆಮೇಲೆ ಫ್ಲಾಗ್ ಅನ್ನು 1 ಮಾಡುತ್ತದೆ, ಇನ್ನೊಂದು ಸಿಪಿಯು ಫ್ಲಾಗ್ ನೋಡಿ ಬಫರ್ ಓದುತ್ತದೆ. ಫ್ಲಾಗ್ 1 ಕಂಡ ಮೇಲೂ ಹಳೇ ಡೇಟಾ ಸಿಗಬಾರದು, ಅಲ್ವಾ? ಟೆಸ್ಟ್ ಹಿಡಿಯಬೇಕಾದ್ದು ಅದನ್ನೇ.

ಲಿಟ್ಮಸ್ ಟೆಸ್ಟ್ (ಈ ಕ್ರಮವನ್ನಷ್ಟೇ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ) ಬರೆದು, ಮಾಡೆಲ್ ಪ್ರಕಾರ ಏನೇನು ಆಗಬಹುದು ಅಂತ ಲೆಕ್ಕ ಹಾಕುವ ಹರ್ಡ್7 ಟೂಲ್‌ನಲ್ಲಿ ಓಡಿಸಿದೆ. ಕ್ರಮ ಕಾಯದ ಬರೀ ರೀಡ್_ಒನ್ಸ್, ರೈಟ್_ಒನ್ಸ್ ಹಾಕಿದರೆ ‘ಸಮ್‌ಟೈಮ್ಸ್’ ಅನ್ನುತ್ತದೆ, ಅಂದ್ರೆ ಹಳೇ ಡೇಟಾ ಸಿಗಬಹುದು. ಫ್ಲಾಗ್‌ಗೆ ಕ್ರಮ ಕಾಯುವ ಸ್ಟೋರ್-ರಿಲೀಸ್, ಲೋಡ್-ಅಕ್ವೈರ್ ಹಾಕಿದರೆ ‘ನೆವರ್’, ಅಂದ್ರೆ ಸಿಗುವುದೇ ಇಲ್ಲ. ಆದರೆ ಹೀಗೆ ಕ್ರಮ ಕಾಯುವ ಬ್ಯಾರಿಯರ್ ಇಲ್ಲದ ಮೊದಲ ಕೋಡನ್ನೇ ಕೆಲಿಟ್ಮಸ್7 (ಟೆಸ್ಟನ್ನು ನಿಜವಾದ ಕರ್ನಲ್‌ನಲ್ಲಿ ಓಡಿಸುವ ಟೂಲ್) ಮೂಲಕ ನನ್ನ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಓಡಿಸಿದರೂ ಏನೂ ಸಿಗುವುದಿಲ್ಲ, ಯಾಕಂದ್ರೆ ಇಂಟೆಲ್‌ನಂಥ ಎಕ್ಸ್86 ಪ್ರೊಸೆಸರ್‌ನಲ್ಲಿ ಎರಡು ಸ್ಟೋರ್‌ (ಬರೆಯುವುದು) ಆಗಲಿ ಎರಡು ಲೋಡ್‌ (ಓದುವುದು) ಆಗಲಿ ಹಿಂದುಮುಂದಾಗಿ ಕಾಣಿಸುವುದಿಲ್ಲ, ಆರ್ಮ್‌ ಪ್ರೊಸೆಸರ್‌ನಲ್ಲಿ ಕಾಣಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ಪಾಸ್ ಆಯ್ತು ಅಂತ ಸುಮ್ನೆ ಬಿಡೋಕೆ ಮನಸ್ಸಿಲ್ಲ.

ಕಲಬುರಗಿ, ಬೀದರ್ ಕಡೆ ಯಾರ ಹತ್ತಿರವಾದರೂ ರಾಸ್ಪ್‌ಬೆರಿ ಪೈ 4 (ಆರ್ಮ್ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್) ಇದೆಯಾ? 64 ಬಿಟ್ ಕರ್ನಲ್ ಹಾಕಿ ಒಂದೆರಡು ದಿನ ಬಳಸಲು ಕೊಟ್ಟರೆ ಸಾಕು, ನಾನೇ ಬಂದು ತಗೊಂಡು ಹೋಗುತ್ತೇನೆ.

ಇನ್ನೊಂದು ಪ್ರಶ್ನೆ, ಇದೇ ಜಾಸ್ತಿ ಕಾಡುತ್ತಿರುವುದು. ನಿಜವಾದ ಡ್ರೈವರ್‌ನಲ್ಲಿ ರಿಂಗ್ ಬಫರ್ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಬಳಸುವ ಬಫರ್) ಮೇಲೆ ಲೂಪ್ ಇದೆ, ಲಿಟ್ಮಸ್ ಟೆಸ್ಟ್‌ನಲ್ಲಿ ಲೂಪ್ ಬರೆಯೋಕೆ ಆಗುವುದಿಲ್ಲ. ಒಂದು ಸುತ್ತನ್ನು ಮಾತ್ರ ಬಿಡಿಸಿ ಬರೆದರೆ ಸಾಕಾ, ಅಥವಾ ಬಫರ್ ತುಂಬಿ ಮೊದಲಿಗೆ ಸುತ್ತಿ ಬರುವ ಜಾಗಕ್ಕೆ ಬೇರೆ ಟೆಸ್ಟ್ ಬೇಕಾ? ನೀವು ಬರೆದ ಟೆಸ್ಟ್ ಇದ್ದರೆ ದಯವಿಟ್ಟು ಹಾಕಿ.