ಮೇಪಲ್ ಸಿರಪ್ ಲೋಳೆ ಥರ ಎಳೆ ಬಿಡ್ತಿದೆ, ಎಲ್ಲಿ ತಪ್ಪಿದ್ದು?

ಹಸಿರುಬೆಟ್ಟ · ಭಾನುವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಗೊತ್ತಿರುವವರು ದಯವಿಟ್ಟು ಹೇಳಿ. ನಿನ್ನೆ ಬೆಳಗ್ಗೆ ಏಳಕ್ಕೆ ಒಲೆ ಹಚ್ಚಿದವನು ರಾತ್ರಿ ಒಂಬತ್ತರ ತನಕ ಹೊಗೆಯಲ್ಲೇ ನಿಂತಿದ್ದೆ. 40 ಗ್ಯಾಲನ್ ಮೇಪಲ್ ಮರದ ರಸ ಕುದಿಸಿದ್ದಕ್ಕೆ ಒಂದು ಗ್ಯಾಲನ್‌ಗಿಂತ ಸ್ವಲ್ಪ ಕಡಿಮೆ ಸಿರಪ್ ಬಂತು. 219 ಡಿಗ್ರಿ (ಫ್ಯಾರನ್‌ಹೀಟ್) ಆದಾಗ ಒಲೆಯಿಂದ ಇಳಿಸಿದೆ, ಫೆಲ್ಟ್ ಬಟ್ಟೆಯಲ್ಲಿ ಸೋಸಿದೆ, ಬಿಸಿ ಇರುವಾಗಲೇ ಬಾಟಲಿಗೆ ತುಂಬಿದೆ. ಇವತ್ತು ಮಕ್ಕಳ ದೋಸೆಗೆ ಹಾಕೋಣ ಅಂತ ಬಾಟಲಿ ಬಗ್ಗಿಸಿದರೆ ಬೀಳುತ್ತಲೇ ಇಲ್ಲ. ಬಿದ್ದದ್ದು ತುಂಡಾಗುತ್ತಿಲ್ಲ. ಚಮಚ ಎತ್ತಿದರೆ ಮೊಳದುದ್ದ ಎಳೆ, ಥೇಟ್ ಬೆಂಡೆಕಾಯಿ ಲೋಳೆ.

ಟೌನ್ ಮೀಟಿಂಗ್ ದಿನ (ಇಲ್ಲಿ ವರ್ಮಾಂಟ್‌ನಲ್ಲಿ ಮಾರ್ಚ್ ಮೊದಲ ಮಂಗಳವಾರ) ಮರಗಳಿಗೆ ತೂತು ಕೊರೆದಿದ್ದು. ಮೊದಲ ಎರಡು ಬ್ಯಾಚ್ ಚಿನ್ನದಂಥ ಸಿರಪ್. ಈ ಸಲವೂ ಎಲ್ಲಾ ಹಾಗೇ ಮಾಡಿದ್ದೇನೆ, ಏನೂ ಬದಲಿಸಿಲ್ಲ. 12 ಟ್ಯಾಪ್ (ರಸ ಇಳಿಸುವ ತೂತು), ಎಲ್ಲವೂ ಶುಗರ್ ಮೇಪಲ್. ಒಂದು ಇಡೀ ದಿನ ಮತ್ತು ಅರ್ಧ ಕಾರ್ಡ್ (64 ಘನ ಅಡಿ) ಸೌದೆ ದಂಡವಾಯಿತು, ನಿಜವಾಗಲೂ ಬೇಜಾರಾಗಿದೆ.

ಕಾವೇರಿ_ಟು_ಒಟ್ಟಾವಾ · ಸೋಮವಾರ ಬೆಳಗ್ಗೆ 6:15

ಇದು ಸರಳ. ಪಾಕ ಹೆಚ್ಚಾಗಿದೆ. ಎಳೆ ಬರ್ತಿದೆ ಅಂದರೆ ಇನ್ನೇನು, ಒಂದೆಳೆ ಪಾಕ ದಾಟಿದೆ. 219 ಅನ್ನೋದು ಸಮುದ್ರ ಮಟ್ಟದ ಲೆಕ್ಕ ಸರ್. ನೀರು ಕುದಿಯುವ ಮಟ್ಟಕ್ಕಿಂತ 7 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಹೋದಾಗ ಸಿರಪ್ ಆಗುತ್ತದೆ, ಆ ನೀರು ಎಲ್ಲ ಕಡೆ 212ಕ್ಕೇ ಕುದಿಯುವುದಿಲ್ಲ. 500 ಅಡಿ ಮೇಲೇರಿದರೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನೀವು ಎಷ್ಟು ಎತ್ತರದಲ್ಲಿದ್ದೀರಿ? ಇನ್ನೊಂದು ಮಾತು, ಸೆಲ್ಸಿಯಸ್‌ನಲ್ಲಿ ಬರೆದರೆ ಎಲ್ಲರಿಗೂ ಅನುಕೂಲ.

ಉಗಿಮನೆ · ಸೋಮವಾರ ಬೆಳಗ್ಗೆ 8:02

14 ಗಂಟೆ ಕುದಿಸಿದ್ದೇ ತಪ್ಪು. ನನ್ನ ಹತ್ತಿರ 250 ಟ್ಯಾಪ್ ಇದೆ, ಎಲ್ಲಾ ಪೈಪ್‌ಲೈನ್, ವ್ಯಾಕ್ಯೂಮ್ ಪಂಪ್. ರಸ ಮೊದಲು ಆರ್‌ಓಗೆ (ಮೆಂಬ್ರೇನ್ ಅನ್ನೋ ಪೊರೆಯಿಂದ ನೀರು ಬೇರ್ಪಡಿಸುವ ಯಂತ್ರ) ಹೋಗುತ್ತದೆ. 2 ಪರ್ಸೆಂಟ್ ಸಕ್ಕರೆಯ ರಸ 8 ಪರ್ಸೆಂಟ್ ಆಗಿ ಹೊರಬರುತ್ತದೆ, ಅಂದರೆ ಮುಕ್ಕಾಲು ಭಾಗ ನೀರು ಬೆಂಕಿ ಕಾಣುವ ಮೊದಲೇ ಹೋಯಿತು. ನಿಮ್ಮ 40 ಗ್ಯಾಲನ್ ನನ್ನಲ್ಲಿ 10 ಗ್ಯಾಲನ್ ಆಗಿ ಒಲೆಗೆ ಬರುತ್ತದೆ. ಒಂದು ಚಿಕ್ಕ ಆರ್‌ಓ ಹಾಕಿಸಿಕೊಳ್ಳಿ, ಈ ಕಷ್ಟವೇ ಇರುವುದಿಲ್ಲ.

ಕೊಪ್ಪರಿಗೆ · ಸೋಮವಾರ ಬೆಳಗ್ಗೆ 8:30

ರಸ ಎಷ್ಟು ದಿನ ಇಟ್ಟಿದ್ದಿರಿ? ಎಲ್ಲಿ ಇಟ್ಟಿದ್ದಿರಿ?

ಹಸಿರುಬೆಟ್ಟ · ಸೋಮವಾರ ಮಧ್ಯಾಹ್ನ 12:50

@ಕಾವೇರಿ, ನಮ್ಮ ಊರು ಸುಮಾರು 1,200 ಅಡಿ. ಆದರೆ ಹಿಂದಿನ ಎರಡು ಬ್ಯಾಚ್ ಕೂಡ 219ಕ್ಕೇ ಇಳಿಸಿದ್ದು, ಅವು ಚೆನ್ನಾಗಿಯೇ ಇವೆ. ವರ್ಮಾಂಟ್‌ನಲ್ಲಿ ಎಲ್ಲರೂ ಫ್ಯಾರನ್‌ಹೀಟ್ ಬಳಸುವುದು, ನನ್ನ ಥರ್ಮೋಮೀಟರ್‌ನಲ್ಲೂ ಅದೇ ಇದೆ.

ಕಾವೇರಿ_ಟು_ಒಟ್ಟಾವಾ · ಸೋಮವಾರ ಮಧ್ಯಾಹ್ನ 1:05

1,200 ಅಡಿ! ಸಿಕ್ಕಿತಲ್ಲ ಕಾರಣ. ನಿಮ್ಮಲ್ಲಿ ನೀರು ಕುದಿಯುವುದೇ 210ರ ಹತ್ತಿರ. ನೀವು 217ಕ್ಕೆ ಇಳಿಸಬೇಕಿತ್ತು. ಹಿಂದಿನ ಬಾಟಲಿಗಳ ತಳ ನೋಡಿ, ಇನ್ನೊಂದು ತಿಂಗಳಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ. ಈಗ ಮಾಡಬೇಕಾದ್ದು ಇಷ್ಟೇ. ಸಿರಪ್ ಪಾತ್ರೆಗೆ ಸುರಿದು ಒಂದು ಲೋಟ ನೀರು ಹಾಕಿ ಮತ್ತೆ ಕುದಿಸಿ. ಪಕ್ಕದಲ್ಲಿ ಬರೀ ನೀರು ಕುದಿಯಲು ಇಡಿ, ಅದು ಎಷ್ಟಕ್ಕೆ ಕುದಿಯುತ್ತದೆ ನೋಡಿ, ಅದಕ್ಕೆ 7 ಕೂಡಿಸಿ. ಗಾಳಿಯ ಒತ್ತಡ ದಿನದಿನಕ್ಕೆ ಬದಲಾಗುತ್ತದೆ, ಆದ್ದರಿಂದ ಒಲೆ ಹಚ್ಚಿದ ದಿನವೆಲ್ಲ ಈ ಪರೀಕ್ಷೆ ಮಾಡಲೇಬೇಕು. ಸೆಲ್ಸಿಯಸ್‌ನಲ್ಲಿ ಇದು ನೆನಪಿಡಲು ಸುಲಭ, ನೀರಿನ ಮೇಲೆ 4 ಡಿಗ್ರಿ, ಮುಗಿಯಿತು.

ಉಗಿಮನೆ · ಸೋಮವಾರ ಮಧ್ಯಾಹ್ನ 1:20

4 ಅಂದರೆ 7.2 ಆಗುತ್ತದೆ, 7 ಅಲ್ಲ. ಅಷ್ಟು ವ್ಯತ್ಯಾಸಕ್ಕೂ ಬ್ರಿಕ್ಸ್ (ಸಕ್ಕರೆಯ ಪರ್ಸೆಂಟ್) ಬದಲಾಗುತ್ತದೆ. ಥರ್ಮೋಮೀಟರ್ ನಂಬುವವರು ಸಿರಪ್ ಮಾಡಬಾರದು. ಸಿರಪ್‌ನಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತಗೊಳ್ಳಿ.

ಕಾವೇರಿ_ಟು_ಒಟ್ಟಾವಾ · ಸೋಮವಾರ ಮಧ್ಯಾಹ್ನ 1:31

12 ವರ್ಷದಿಂದ ಥರ್ಮೋಮೀಟರ್ ನಂಬಿಯೇ ಮಾಡುತ್ತಿದ್ದೇನೆ ಸರ್. ನನ್ನ ಒಂದು ಬಾಟಲಿಗೂ ಬೂಷ್ಟು ಬಂದಿಲ್ಲ, ಒಂದರಲ್ಲೂ ಸಕ್ಕರೆ ಕಟ್ಟಿಲ್ಲ.

ಮಿಶಿಗನ್_ಮೀನಾ · ಸೋಮವಾರ ಸಂಜೆ 4:10

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಮನೆ ಮುಂದೆ ಒಂದೇ ಒಂದು ಮೇಪಲ್ ಇದೆ. ಎಲೆ ತೊಟ್ಟು ಮುರಿದರೆ ಹಾಲು ಬರುತ್ತಿತ್ತು ಅಂತ ಬೇಸಿಗೆಯ ನೆನಪು. ಇದಕ್ಕೂ ತೂತು ಕೊರೆಯಬಹುದಾ?

ಉಗಿಮನೆ · ಸೋಮವಾರ ಸಂಜೆ 4:25

ತೊಟ್ಟಿನಲ್ಲಿ ಹಾಲು ಬಂದರೆ ಅದು ನಾರ್ವೆ ಮೇಪಲ್. ಕೊರೆಯಬಹುದು, ಸಿಹಿ ಕಡಿಮೆ. ಬುಡ ಎಷ್ಟು ದಪ್ಪ ಇದೆ? 10-12 ಇಂಚು ಅಡ್ಡಳತೆ ಇಲ್ಲದಿದ್ದರೆ ಬಿಟ್ಟುಬಿಡಿ.

ಹಸಿರುಬೆಟ್ಟ · ಸೋಮವಾರ ರಾತ್ರಿ 10:15

@ಕಾವೇರಿ ಹೇಳಿದ ಹಾಗೇ ಮಾಡಿದೆ. ನೀರು 210ಕ್ಕೆ ಕುದಿಯಿತು, ನೀವು ಹೇಳಿದ್ದು ಸರಿ. ಸಿರಪ್‌ಗೆ ನೀರು ಸೇರಿಸಿ ಮತ್ತೆ ಕುದಿಸಿ 217ಕ್ಕೆ ಇಳಿಸಿದೆ. ಪಕ್ಕದ ಮನೆಯವರ ರಿಫ್ರಾಕ್ಟೋಮೀಟರ್ (ಒಂದು ಹನಿಯಲ್ಲೇ ಸಕ್ಕರೆ ಅಳೆಯುವ ಸಾಧನ) ತಂದು ನೋಡಿದರೆ 67 ಬ್ರಿಕ್ಸ್. ಅಂದರೆ ಪಾಕ ಸರಿಯಾಗಿದೆ ಅಲ್ವಾ? ಆದರೂ ಎಳೆ! ತಣ್ಣಗಾದ ಮೇಲೆ ಚಮಚದಿಂದ ಹಾಗೇ ಇಳಿಬಿದ್ದಿದೆ. ಇನ್ನು ನನ್ನ ಹತ್ತಿರ ತಾಳ್ಮೆ ಇಲ್ಲ.

ಕಾವೇರಿ_ಟು_ಒಟ್ಟಾವಾ · ಸೋಮವಾರ ರಾತ್ರಿ 10:40

ರಿಫ್ರಾಕ್ಟೋಮೀಟರ್ ಸೊನ್ನೆಗೆ ಸರಿಮಾಡಿದ್ದಿರಾ? ಶುದ್ಧ ನೀರಿನ ಹನಿ ಹಾಕಿ ನೋಡಿ. ಬಿಸಿ ಸಿರಪ್ ಹಾಕಿದರೂ ತಪ್ಪು ತೋರಿಸುತ್ತದೆ.

ಹಸಿರುಬೆಟ್ಟ · ಸೋಮವಾರ ರಾತ್ರಿ 10:52

ಮಾಡಿದ್ದೇನೆ. ನೀರಿಗೆ ಸೊನ್ನೆ ತೋರಿಸಿತು. ಸಿರಪ್ ಪೂರ್ತಿ ಆರಿಸಿ ಹಾಕಿದ್ದು.

ಕೊಪ್ಪರಿಗೆ · ಮಂಗಳವಾರ ಬೆಳಗ್ಗೆ 5:50

ನಾನು ನಿನ್ನೆಯೇ ಕೇಳಿದ್ದೆ, ಯಾರೂ ಉತ್ತರ ಕೊಡಲಿಲ್ಲ. ರಸ ಎಷ್ಟು ದಿನ ಇಟ್ಟಿದ್ದಿರಿ, ಎಲ್ಲಿ ಇಟ್ಟಿದ್ದಿರಿ? ಕುದಿಸುವ ಮೊದಲು ನೀರಿನ ಹಾಗೆ ತಿಳಿಯಾಗಿತ್ತಾ, ಇಲ್ಲ ಮಬ್ಬಾಗಿತ್ತಾ?

ಹಸಿರುಬೆಟ್ಟ · ಮಂಗಳವಾರ ಬೆಳಗ್ಗೆ 7:30

ಕ್ಷಮಿಸಿ ಅಕ್ಕ, ನಿಮ್ಮ ಪ್ರಶ್ನೆ ಕಣ್ಣಿಗೆ ಬೀಳಲಿಲ್ಲ. ವಾರವೆಲ್ಲ ಕೆಲಸ, ಶನಿವಾರ ಮಾತ್ರ ಕುದಿಸುವುದು. ದಿನಾ ಸಂಜೆ ಬಕೆಟ್‌ಗಳಿಂದ ತಂದು ಗ್ಯಾರೇಜಿನ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯುತ್ತೇನೆ. ಫುಡ್ ಗ್ರೇಡ್ ಡ್ರಮ್ಮೇ, ಅದರಲ್ಲಿ ಅನುಮಾನ ಬೇಡ. ಮೊದಲ ಎರಡು ವಾರವೂ ಹೀಗೇ ಮಾಡಿದ್ದು. ಈ ಸಲ ಸ್ವಲ್ಪ ಮಬ್ಬಾಗಿತ್ತು ಅನ್ನಿಸುತ್ತೆ, ತೆಳು ಮಜ್ಜಿಗೆ ನೀರಿನ ಥರ. ಕುದಿದರೆ ಎಲ್ಲಾ ಸರಿಹೋಗುತ್ತದೆ ಅಂದುಕೊಂಡೆ.

ಕೊಪ್ಪರಿಗೆ · ಮಂಗಳವಾರ ಬೆಳಗ್ಗೆ 7:48

ಮೊದಲ ಎರಡು ವಾರ ಹೊರಗೆ ಎಷ್ಟು ಚಳಿ ಇತ್ತು? ಕಳೆದ ವಾರ? ಡ್ರಮ್ ನಡುವೆ ತೊಳೆದಿದ್ದಿರಾ?

ಹಸಿರುಬೆಟ್ಟ · ಮಂಗಳವಾರ ಬೆಳಗ್ಗೆ 8:05

ಮೊದಲೆಲ್ಲ ಹಗಲು 38-40, ಡ್ರಮ್ಮಿನಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ಕಳೆದ ಬುಧವಾರ, ಗುರುವಾರ 55ರ ತನಕ ಹೋಯಿತು. ಡ್ರಮ್ ಸುಮ್ನೆ ನೀರು ಹಾಕಿ ಅಲುಗಾಡಿಸಿ ಚೆಲ್ಲಿದ್ದೆ ಅಷ್ಟೆ. ಬರೀ ಮರದ ನೀರು ತಾನೇ ಅಂತ.

ಕೊಪ್ಪರಿಗೆ · ಮಂಗಳವಾರ ಬೆಳಗ್ಗೆ 9:20

ಹಾಗಾದರೆ ಗೊತ್ತಾಯಿತು. ನಿಮ್ಮ ಪಾಕ ಕೆಟ್ಟಿಲ್ಲ, ರಸವೇ ಕೆಟ್ಟಿತ್ತು. ಇಲ್ಲಿನವರು ಇದನ್ನು ರೋಪಿ ಸಿರಪ್ ಅನ್ನುತ್ತಾರೆ. ಬೆಚ್ಚಗೆ ನಿಂತ ರಸದಲ್ಲಿ ಬ್ಯಾಕ್ಟೀರಿಯಾ ಬೆಳೆದು ಸಕ್ಕರೆಯನ್ನು ಉದ್ದುದ್ದ ಸರಪಳಿಯ ಅಂಟು ಮಾಡುತ್ತವೆ, ಡೆಕ್ಸ್‌ಟ್ರಾನ್ ಅಂತ ಅದರ ಹೆಸರು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಅವು ಮಾಡಿಟ್ಟ ಅಂಟು ಹಾಗೇ ಉಳಿಯುತ್ತದೆ. 40 ಗ್ಯಾಲನ್‌ನಲ್ಲಿ ಕಾಣದೆ ಕರಗಿದ್ದದ್ದು ಒಂದು ಗ್ಯಾಲನ್‌ಗೆ ಇಳಿದಾಗ ಎಳೆಯಾಗಿ ಕಾಣುತ್ತದೆ. ಎಷ್ಟು ಸಲ ನೀರು ಹಾಕಿ ಕುದಿಸಿದರೂ ಅದು ಹೋಗುವುದಿಲ್ಲ.

ನಮ್ಮ ತಂದೆ ಸಾಗರದ ಕಡೆ ಆಲೆಮನೆ ನಡೆಸುತ್ತಿದ್ದರು. ಅಲ್ಲಿ ಕಬ್ಬಿನ ಹಾಲು ಗಾಣದಿಂದ ಇಳಿದ ಹೊತ್ತಿಗೆ ಕೊಪ್ಪರಿಗೆ ತೊಳೆದು ಕಾದಿರಬೇಕು. ಹಿಂದಿನ ದಿನದ ಹಾಲು ಉಳಿಯಲು ಬಿಡುತ್ತಲೇ ಇರಲಿಲ್ಲ. ಉಳಿದರೆ ಲೋಳೆ, ಬೆಲ್ಲ ಕಟ್ಟುವುದಿಲ್ಲ. ಕಬ್ಬಿನಲ್ಲಿ ಆಗುವುದೂ ಇದೇ ಅಂಟು. ಮೇಪಲ್ ರಸ ನೀರಿನಂತೆ ಕಂಡರೂ ಅದನ್ನು ಹಾಲು ಅಂತಲೇ ತಿಳಿದುಕೊಳ್ಳಿ. ಹಾಲನ್ನು ಒಂದು ವಾರ ಗ್ಯಾರೇಜಿನಲ್ಲಿ ಇಡುತ್ತೀರಾ?

ಈಗ ಒಂದು ಕೆಲಸ ಮಾಡಿ. ಡ್ರಮ್ಮಿನ ಒಳಗೆ ಕೈ ಹಾಕಿ ಗೋಡೆಯನ್ನು ಬೆರಳಿನಿಂದ ಸವರಿ ನೋಡಿ.

ಹಸಿರುಬೆಟ್ಟ · ಮಂಗಳವಾರ ಸಂಜೆ 6:40

ಅಕ್ಕ, ಸವರಿದೆ. ಜಾರುತ್ತದೆ. ಬಾವಿಕಟ್ಟೆಯ ಪಾಚಿ ಮುಟ್ಟಿದ ಹಾಗೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಕೆಳಗಿನ ನಲ್ಲಿಯ ಒಳಗೂ ಅದೇ. ಬಕೆಟ್‌ಗಳ ತಳದಲ್ಲೂ ಇದೆ.

ಕಾವೇರಿ_ಟು_ಒಟ್ಟಾವಾ · ಮಂಗಳವಾರ ಸಂಜೆ 7:00

ಒಪ್ಪುತ್ತೇನೆ, ನನಗೆ ಇದು ಹೊಳೆಯಲಿಲ್ಲ. ನಾನು ದಿನಾ ರಾತ್ರಿ ಕುದಿಸುತ್ತೇನೆ, ಆದ್ದರಿಂದ ಇದನ್ನು ಕಂಡೇ ಇಲ್ಲ. ಆದರೂ 219 ತಪ್ಪೇ. ಆ ಎರಡು ಬ್ಯಾಚ್ ಮತ್ತೊಮ್ಮೆ ನೋಡಿ.

ಉಗಿಮನೆ · ಮಂಗಳವಾರ ಸಂಜೆ 7:12

ಆರ್‌ಓ ಇದ್ದಿದ್ದರೆ ಕೆಲಸ ಮುಗಿಸಿ ಬಂದ ಮೇಲೂ ಎರಡು ಗಂಟೆಯಲ್ಲಿ ಕುದಿಸಿ ಮಲಗಬಹುದಿತ್ತು. ಅದಕ್ಕೇ ಹೇಳಿದ್ದು. ನನ್ನ ಪಂಪಿನ ಫೋಟೋ ಬೇಕಾದವರು ಹೇಳಿ, ಹಾಕುತ್ತೇನೆ.

ಕೊಪ್ಪರಿಗೆ · ಮಂಗಳವಾರ ರಾತ್ರಿ 8:30

ಆರ್‌ಓ ಒಳ್ಳೆಯದೇ. ಆದರೆ ಕೆಟ್ಟ ರಸವನ್ನು ಅದಕ್ಕೆ ಹಾಕಿದರೆ ಮೆಂಬ್ರೇನ್ ಕೂಡ ಕಟ್ಟಿಕೊಳ್ಳುತ್ತದೆ. 12 ಟ್ಯಾಪ್ ಇರುವವರಿಗೆ ಮೊದಲು ಬೇಕಾದ್ದು ಬ್ರಷ್ಷು ಮತ್ತು ಬಿಸಿ ನೀರು.

@ಹಸಿರುಬೆಟ್ಟ, ಡ್ರಮ್, ನಲ್ಲಿ, ಬಕೆಟ್, ಸೋಸುವ ಬಟ್ಟೆ ಎಲ್ಲಾ ಬಿಸಿ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೋಪಿನ ವಾಸನೆ ಬಟ್ಟೆಗೆ ಹಿಡಿಯುತ್ತದೆ, ಅದಕ್ಕೆ ಮಾತ್ರ ಬರೀ ಬಿಸಿ ನೀರು. ಡ್ರಮ್ ಗ್ಯಾರೇಜಿನಿಂದ ಹೊರಗೆ ತಂದು ಮನೆಯ ಉತ್ತರದ ನೆರಳಿನಲ್ಲಿ ಇಡಿ, ಸುತ್ತ ಹಿಮ ಒತ್ತಿ. 38 ಡಿಗ್ರಿ ದಾಟಲು ಬಿಡಬೇಡಿ. ಶನಿವಾರಕ್ಕೆ ಕಾಯಬೇಡಿ, ಹತ್ತು ಗ್ಯಾಲನ್ ಆದರೂ ಸರಿ, ಒಂದೆರಡು ದಿನದೊಳಗೆ ಕುದಿಸಿ. ಹಳೆಯ ರಸದ ಮೇಲೆ ಹೊಸದನ್ನು ಸುರಿಯಲೇಬೇಡಿ. ಲೋಳೆಯಾದ ಸಿರಪ್ ನಾನಾಗಿದ್ದರೆ ಚೆಲ್ಲುತ್ತಿದ್ದೆ. ಹೊಟ್ಟೆ ಉರಿಯುತ್ತದೆ, ಗೊತ್ತು.

ಮಿಶಿಗನ್_ಮೀನಾ · ಬುಧವಾರ ಬೆಳಗ್ಗೆ 9:00

ಅಳತೆ ಮಾಡಿದೆ, 14 ಇಂಚು ಇದೆ! ಎಷ್ಟು ಆಳ ಕೊರೆಯಬೇಕು? ಅಪ್ಪನ ಹಳೇ ಡ್ರಿಲ್‌ನಲ್ಲಿ 7/16 ಬಿಟ್ ಇದೆ.

ಉಗಿಮನೆ · ಬುಧವಾರ ಬೆಳಗ್ಗೆ 9:15

7/16 ಬೇಡ, ಅದು ಹಳೇ ಕಾಲದ್ದು. 5/16 ತಗೊಳ್ಳಿ, ಗಾಯ ಬೇಗ ಮಾಯುತ್ತದೆ. ಒಂದೂವರೆ ಇಂಚು ಸಾಕು. ಒಂದೇ ತೂತು.

ಹಸಿರುಬೆಟ್ಟ · ಶುಕ್ರವಾರ ರಾತ್ರಿ 12:20

ಎಲ್ಲಾ ತೊಳೆದೆ. ಬುಧವಾರ ರಾತ್ರಿ, ಗುರುವಾರ ಬೆಳಗಿನ ಜಾವ ಗಟ್ಟಿ ಚಳಿ ಬಿತ್ತು, ಗುರುವಾರ ಹಗಲು ರಸ ಚೆನ್ನಾಗಿ ಇಳಿಯಿತು. ಇವತ್ತು ಕೆಲಸದಿಂದ ಬೇಗ ಬಂದು 11 ಗ್ಯಾಲನ್ ಅಡುಗೆಮನೆ ಹೊರಗಿನ ಗ್ಯಾಸ್ ಒಲೆಯಲ್ಲೇ ಕುದಿಸಿದೆ. ಈಗಷ್ಟೇ 217ಕ್ಕೆ ಇಳಿಸಿದೆ. ಬಣ್ಣ ಮೊದಲಿಗಿಂತ ಗಾಢ. ತಟ್ಟೆಗೆ ಎರಡು ಹನಿ ಬಿಟ್ಟು ಆರಿಸಿ ಚಮಚ ಎತ್ತಿದೆ. ಹನಿ ತುಂಡಾಗಿ ಬಿತ್ತು. ಎಳೆ ಇಲ್ಲ! ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

@ಕಾವೇರಿ, ಮೊದಲ ಬ್ಯಾಚಿನ ಒಂದು ಬಾಟಲಿ ತಳದಲ್ಲಿ ನಿಜವಾಗಿಯೂ ಸಣ್ಣ ಹರಳು ಕಟ್ಟಿದೆ. ಕಡಿದು ನೋಡಿದೆ, ಸಿಹಿ.

ಕೊಪ್ಪರಿಗೆ · ಶನಿವಾರ ಬೆಳಗ್ಗೆ 6:05

ಬಹಳ ಖುಷಿಯಾಯಿತು. ಬೆಳಕು ಹರಿದ ಮೇಲೆ ಮರದ ತುದಿ ರೆಂಬೆ ನೋಡಿ. ಮೊಗ್ಗು ಊದಿಕೊಂಡಿದ್ದರೆ ಇದೇ ಕೊನೆಯ ಬ್ಯಾಚ್, ಆಮೇಲೆ ರಸಕ್ಕೆ ಕೆಟ್ಟ ರುಚಿ ಬರುತ್ತದೆ.

ಹಸಿರುಬೆಟ್ಟ · ಶನಿವಾರ ಬೆಳಗ್ಗೆ 8:10

ದಕ್ಷಿಣದ ಕಡೆಯ ಮೂರು ಮರದಲ್ಲಿ ಊದಿದೆ. ಅವುಗಳ ಸ್ಪೈಲ್ (ತೂತಿಗೆ ಸಿಕ್ಕಿಸಿದ ಕೊಳವೆ) ಕಿತ್ತೆ. ಉಳಿದ ಒಂಬತ್ತು ಇನ್ನೂ ಗಟ್ಟಿ ಮೊಗ್ಗು.