ವಾಡೆ ಅಂದ್ರ ಮನಿನೋ, ಕಾಳು ತುಂಬೋ ಮಡಕಿನೋ?

ಎಲ್ಲಾರಿಗೂ ನಮಸ್ಕಾರ್ರಿ. ಹೋದ ರವಿವಾರ ರಾಮನಗರದ ಜಾನಪದ ಲೋಕಕ್ಕ ಹೋಗಿದ್ವಿ, ಎಚ್.ಎಲ್. ನಾಗೇಗೌಡ್ರು ಕಟ್ಟಿಸಿದ್ದು, 1994ರಾಗ ಶುರುವಾದದ್ದು. ಲೋಕಮಹಲ್‌ನಾಗ ಒನಕಿ, ಬೀಸೋಕಲ್ಲು, ಸೇರು, ಪಾವು, ಚಟಾಕು ಎಲ್ಲಾ ನೋಡಕೋತ ಬಂದು ಕಾಳು ತುಂಬಿಡೋ ದೊಡ್ಡ ಮಣ್ಣಿನ ಪಾತ್ರೆ ಮುಂದ ನಿಂತಾಗ ನನ್ನ ಜೋಡಿ ಇದ್ದ ಮಂಡ್ಯದ ಗೆಳತಿ "ಇದು ವಾಡೆ ಕಣೆ, ನಮ್ಮಜ್ಜಿ ಮನೇಲಿತ್ತು, ರಾಗಿ ತುಂಬ್ತಿದ್ರು" ಅಂದ್ಲು.

ನಾ ಗದಗಿನಕಿ. ನಮ್ಮ ಕಡೆ ವಾಡೆ ಅಂದ್ರ ದೇಸಾಯರ ದೊಡ್ಡ ಮನಿ, ಶಿರಸಂಗಿ ವಾಡೆ ಅಂತೀವಲ್ಲ ಹಂಗ. ಅದು ಮರಾಠಿ ವಾಡಾದಿಂದ ಬಂದದ್ದು ಅಂತ ಎಲ್ಲಾರಿಗೂ ಗೊತ್ತದ. ಮಡಕಿಗೆ ಆ ಹೆಸರು ಹೆಂಗ ಬಂತು?

ಆಕಿ ಹೇಳಿದ್ದು ಬಾಳ ಚಂದ ಇತ್ತು. ವಾಡೆ ಬುಡದಾಗ ಒಂದು ತೂತು ಇರ್ತಿತ್ತಂತ, ಅದಕ್ಕ ಹಳೇ ಬಟ್ಟಿ ತುರುಕಿ ಸೆಗಣಿ ಮೆತ್ತಿರ್ತಿದ್ರಂತ, ರಾಗಿ ಬೇಕಾದಾಗ ಅಜ್ಜಿ ಬಟ್ಟಿ ಕಿತ್ತು ಮೊರ ಒಡ್ಡಿದ್ರ ಸರ್ರಂತ ಇಳೀತಿತ್ತಂತ, ಮತ್ತ ಅದೇ ಬಟ್ಟಿ ತುರುಕೋದು. ಮ್ಯಾಲಿಂದ ತುಂಬೋದು, ತಳದಿಂದ ತಗಿಯೋದು, ಅಂದ್ರ ಹಳೇ ಕಾಳು ಮೊದ್ಲ ಖರ್ಚಾಗ್ತದ. ಎಷ್ಟು ಶ್ಯಾಣ್ಯಾತನ ನೋಡ್ರಿ!

ಅಜ್ಜಿ ಬಾಯಾಗ ಅದು "ವಾಡೇವು" ಅಂತಿತ್ತಂತ. ಇಲ್ಲೇ ನನ್ನ ತಲಿ ಓಡಿದ್ದು. ನೆಲ ಅಗದು ಕಾಳು ಹುಗಿಯೋದಕ್ಕ ಹಗೇವು ಅಂತಾರಲ್ಲ (ನಮ್ಮ ಮುತ್ಯಾ ಬರೇ "ಜ್ವಾಳದ ಹಗೆ" ಅಂತಿದ್ದ, ಬಾಯಿ ತಗದ ಕೂಡ್ಲೇ ಒಳಗ ಇಳೀಬ್ಯಾಡ್ರಿ, ಮೊದ್ಲ ಕಂದೀಲು ಇಳಿಬಿಡ್ರಿ, ಆರಿದ್ರ ಒಳಗಿನ ಗಾಳಿ ಕೆಟ್ಟದ ಅಂತ ತಿಳೀರಿ ಅಂತ ಹೇಳ್ತಿದ್ದ), ಆ ಹಗೇವು, ಈ ವಾಡೇವು ಎರಡಕ್ಕೂ ಕೊನಿಗೆ ಒಂದೇ ಪ್ರತ್ಯಯ ಇದ್ದಂಗ ಕಾಣ್ತದ. ಹಂಗಾದ್ರ ಮಡಕಿ ವಾಡೆ ಅಚ್ಚಗನ್ನಡದ್ದು, ಮನಿ ವಾಡೆಗೂ ಇದಕ್ಕೂ ಸಂಬಂಧ ಇಲ್ಲ, ದನಿ ಮಾತ್ರ ಒಂದ ಅಂತ ನನ್ನ ಅನಿಸಿಕಿ. ತಪ್ಪಿದ್ರ ತಿದ್ರಿ.

ತುಮಕೂರು, ಕೋಲಾರ, ಹಾಸನದವ್ರು ನಿಮ್ಮ ಮನ್ಯಾಗ ವಾಡೆ ಅಂತಿದ್ರೋ ವಾಡೇವು ಅಂತಿದ್ರೋ ಬರೀರಿ. ಗುಡಾಣಕ್ಕೂ (ಅದೂ ದೊಡ್ಡ ಮಣ್ಣಿನ ಪಾತ್ರೆನೇ) ಇದಕ್ಕೂ ಫರಕು ಗಾತ್ರದ್ದೋ, ಆ ಬುಡದ ತೂತಿಂದೋ? ಬಳ್ಳಾರಿ, ರಾಯಚೂರು ಕಡೆ ಕಾಳು ತುಂಬಿಡೋದಕ್ಕ ಗುಮ್ಮಿ ಅಂತಾರಲ್ಲ, ಅದು ಮಣ್ಣಿಂದೋ, ಹೆಣದದ್ದೋ? ಮನ್ಯಾಗ ಹಿರ್ಯಾರು ಇದ್ರ ದಯವಿಟ್ಟು ಇವತ್ತೇ ಕೇಳ್ರಿ, ಅವ್ರು ಅಂದಂಗೇ ಬರೀರಿ, ತಿದ್ದಬ್ಯಾಡ್ರಿ.